ಹಳದಿ ಚೀಲಕ್ಕೊಂದು ಹೊದಿಕೆ ಬೇಕು: ಆರೋಗ್ಯ ಆಯುಕ್ತರಿಗೆ ಶಿಡ್ಲಘಟ್ಟದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ರಕ್ತನಾಳದ ಮೂಲಕ ಕೊಡುವ ಪೋಷಣಾ ದ್ರವವನ್ನು ಬೆಳಕಿನಿಂದ ಕಾಪಾಡುವ ಬಗ್ಗೆ.

ಮಾನ್ಯರೇ,

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಪದವಿಪೂರ್ವ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು, ವೈದ್ಯನಲ್ಲ. ಆದ್ದರಿಂದ ಚಿಕಿತ್ಸೆಯ ವಿಚಾರದಲ್ಲಿ ವೈದ್ಯರಿಗೆ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ. ಆದರೆ ಈ ಪತ್ರದ ವಿಷಯದಲ್ಲಿ ವೈದ್ಯಶಾಸ್ತ್ರಕ್ಕಿಂತ ಮೊದಲು ಬರುವುದು ನಾನು ಮೂರು ದಶಕ ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದ ರಸಾಯನ ಕ್ರಿಯೆ. ಆ ಒಂದು ಧೈರ್ಯದಿಂದ ಬರೆಯುತ್ತಿದ್ದೇನೆ.

ಮೂರು ವರ್ಷಗಳ ಹಿಂದೆ ನನ್ನ ಮಗಳಿಗೆ 29ನೇ ವಾರದಲ್ಲೇ ಹೆರಿಗೆಯಾಯಿತು. ಮಗುವಿನ ತೂಕ 1,080 ಗ್ರಾಂ. ಊರಿನಿಂದ ದೂರದ ಒಂದು ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಅದನ್ನು ಇರಿಸಿಕೊಂಡರು. ಕರುಳು ಹಾಲನ್ನು ಅರಗಿಸಿಕೊಳ್ಳುವಷ್ಟು ಬಲಿತಿಲ್ಲವೆಂದು ಮೊದಲ ಹನ್ನೊಂದು ದಿನ ಟಿಪಿಎನ್, ಅಂದರೆ ಸಕ್ಕರೆ, ಅಮೈನೋ ಆಮ್ಲ, ಕೊಬ್ಬು, ಲವಣ ಮತ್ತು ವಿಟಮಿನ್‌ಗಳನ್ನು ಬೆರೆಸಿದ ದ್ರವವನ್ನು ನೇರವಾಗಿ ರಕ್ತನಾಳಕ್ಕೆ ಕೊಡಲಾಯಿತು. ದಿನಕ್ಕೊಮ್ಮೆ ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ಮಗುವಿನ ಮುಖವನ್ನು ನೆಟ್ಟಗೆ ನೋಡಲು ಧೈರ್ಯ ಸಾಲದೆ ನಾನು ಸುತ್ತಲಿನ ಯಂತ್ರಗಳನ್ನು ನೋಡುತ್ತಾ ನಿಲ್ಲುತ್ತಿದ್ದೆ. ಆಗ ಕಣ್ಣಿಗೆ ಬಿದ್ದದ್ದು ಕಂಬಿಗೆ ತೂಗುಹಾಕಿದ್ದ ತಿಳಿಹಳದಿ ದ್ರವದ ಚೀಲ. ಪೂರ್ವದ ಕಿಟಕಿಯ ಬಿಸಿಲು ಬೆಳಗ್ಗೆ ಅದರ ಮೇಲೆ ನೇರವಾಗಿ ಬೀಳುತ್ತಿತ್ತು. ಕಾಮಾಲೆಗೆಂದು ಮಗುವಿನ ಮೇಲೆ ಹಚ್ಚಿದ್ದ ನೀಲಿ ದೀಪದ ಬೆಳಕು, ಪಾರದರ್ಶಕ ಕೊಳವೆಯ ಉದ್ದಕ್ಕೂ ಹಗಲು ರಾತ್ರಿ ಬೀಳುತ್ತಿತ್ತು.

ಆ ಹಳದಿ ಬಣ್ಣ ರೈಬೋಫ್ಲೇವಿನ್‌ನದು, ಅಂದರೆ ವಿಟಮಿನ್ ಬಿ-2ರದು. ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮೂತ್ರ ಕಡು ಹಳದಿಯಾಗುವುದು ಇದರಿಂದಲೇ. ಇದು ಬೆಳಕನ್ನು ಹೀರುವ ವಸ್ತು. ದೃಗ್ಗೋಚರ ಬೆಳಕಿನಲ್ಲಿ ಅದು ಅತಿ ಹೆಚ್ಚು ಹೀರುವುದು ಸುಮಾರು 445 ನ್ಯಾನೋಮೀಟರ್ ತರಂಗಾಂತರದ ನೀಲಿಯನ್ನು. ಕಾಮಾಲೆಗೆ ಬಳಸುವ ದೀಪದ ಬೆಳಕೂ ಸುಮಾರು ಇದೇ ಪಟ್ಟಿಯಲ್ಲಿ ಬರುತ್ತದೆ. ಒಂದು ಕಾಯಿಲೆಗೆ ಮದ್ದಾದ ಬೆಳಕು ಪಕ್ಕದ ಕೊಳವೆಯಲ್ಲಿ ಇನ್ನೊಂದು ತೊಂದರೆಯನ್ನು ಹುಟ್ಟುಹಾಕಬಲ್ಲದು ಎಂಬುದು ಅಂದು ನನ್ನ ತಲೆಯಲ್ಲಿ ಕೊರೆಯತೊಡಗಿತು.

ನಮ್ಮದು ಹಾಲಿನ ಸೀಮೆ. ಹಾಲನ್ನು ಗಾಜಿನ ಸೀಸೆಯಲ್ಲಿ ಬಿಸಿಲಿಗಿಟ್ಟರೆ ಕೆಲವೇ ಗಂಟೆಗಳಲ್ಲಿ ರುಚಿ ಕೆಡುತ್ತದೆ. ಅದಕ್ಕೆ ಕಾರಣವೂ ಹಾಲಿನಲ್ಲಿರುವ ಇದೇ ರೈಬೋಫ್ಲೇವಿನ್. ಬೆಳಕು ಬಿದ್ದಾಗ ಅದರ ಅಣು ಉದ್ರಿಕ್ತವಾಗಿ ಪಕ್ಕದಲ್ಲಿರುವ ಬೇರೊಂದು ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಅದನ್ನು ದ್ರವದಲ್ಲಿ ಕರಗಿರುವ ಆಮ್ಲಜನಕಕ್ಕೆ ದಾಟಿಸಿ ತಾನು ಮೊದಲಿನಂತಾಗಿ ಮತ್ತೆ ಅದೇ ಕೆಲಸಕ್ಕೆ ಸಿದ್ಧವಾಗುತ್ತದೆ. ಎಲೆಕ್ಟ್ರಾನ್ ಪಡೆದ ಆಮ್ಲಜನಕ ಸೂಪರ್ ಆಕ್ಸೈಡ್ ಆಗಿ, ಅಲ್ಲಿಂದ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಗಾಯ ತೊಳೆಯಲು ಔಷಧಿ ಅಂಗಡಿಯಲ್ಲಿ ಸಿಗುವ, ನೊರೆ ಬರುವ ದ್ರವದಲ್ಲಿರುವುದು ಇದೇ ವಸ್ತು. ಬೆಳಕಿಗೆ ತೆರೆದಿಟ್ಟ ಟಿಪಿಎನ್ ದ್ರವದಲ್ಲಿ ಲೀಟರಿಗೆ ನೂರಾರು ಮೈಕ್ರೋಮೋಲ್‌ನಷ್ಟು ಪೆರಾಕ್ಸೈಡ್ ಸೇರಿಕೊಳ್ಳಬಹುದು. ಔಷಧಿ ಅಂಗಡಿಯ ದ್ರವದ ಸಾಂದ್ರತೆಗೆ ಹೋಲಿಸಿದರೆ ಇದು ಅತ್ಯಲ್ಪ, ನಿಜ. ಆದರೆ ಇದು ಹೋಗುವುದು ಚರ್ಮದ ಮೇಲಲ್ಲ, ಒಂದು ಕಿಲೋ ತೂಕದ ಜೀವದ ರಕ್ತಕ್ಕೆ. ಅದೂ ದಿನವಿಡೀ, ಎಷ್ಟೋ ದಿನಗಳವರೆಗೆ.

ಎಲೆಕ್ಟ್ರಾನ್ ಕೊಡುವ ಆ ಪಕ್ಕದ ಅಣು ಯಾವುದು ಎಂಬಲ್ಲಿ ಒಂದು ವಿಚಿತ್ರವಿದೆ. ಬಹುಪಾಲು ಅದು ವಿಟಮಿನ್ ಸಿ. ಉತ್ಕರ್ಷಣವನ್ನು, ಅಂದರೆ ಆಮ್ಲಜನಕದ ಸಹವಾಸದಿಂದ ವಸ್ತು ಕೆಡುವುದನ್ನು, ತಡೆಯುವ ವಸ್ತುವೆಂದೇ ನಾವೆಲ್ಲ ಕಲಿತ, ಕಲಿಸಿದ ವಿಟಮಿನ್ ಸಿ, ರೈಬೋಫ್ಲೇವಿನ್ ಮತ್ತು ಬೆಳಕಿನ ಸಹವಾಸದಲ್ಲಿ ಚೀಲದೊಳಗೆ ಪೆರಾಕ್ಸೈಡ್ ಹುಟ್ಟಿಗೆ ಕೈಜೋಡಿಸುತ್ತದೆ. ಸಾಲದೆಂಬಂತೆ, ಎಲೆಕ್ಟ್ರಾನ್ ಕಳೆದುಕೊಂಡ ವಿಟಮಿನ್ ಸಿ ಅದೇ ಪೆರಾಕ್ಸೈಡ್‌ನೊಂದಿಗೆ ಕೂಡಿ ಆಸ್ಕಾರ್ಬಿಲ್‌ಪೆರಾಕ್ಸೈಡ್ ಎಂಬ ಇನ್ನೊಂದು ವಸ್ತುವಾಗುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲಿಪ್ ಶೆಸೆಕ್ಸ್ ಮತ್ತು ಜಾನ್-ಕ್ಲೋಡ್ ಲವ್ವಾ ಅವರ ತಂಡ 1990ರ ದಶಕದಿಂದ ಇದನ್ನೇ ಬೆನ್ನುಹತ್ತಿ ಅಭ್ಯಾಸ ಮಾಡಿದೆ. ಗಿನಿಯಿಲಿಯ ಮರಿಗಳ ರಕ್ತಕ್ಕೆ ಈ ವಸ್ತುವನ್ನು ಹರಿಸಿದಾಗ ಶ್ವಾಸಕೋಶದ ಗಾಳಿಗೂಡುಗಳು ಕಡಿಮೆಯಾದದ್ದನ್ನು ಅವರು ಕಂಡರು. ನಮ್ಮಂತೆಯೇ ವಿಟಮಿನ್ ಸಿಯನ್ನು ತಾನಾಗಿ ತಯಾರಿಸಿಕೊಳ್ಳಲಾಗದ ಕೆಲವೇ ಪ್ರಾಣಿಗಳಲ್ಲಿ ಗಿನಿಯಿಲಿಯೂ ಒಂದು.

ಚೀಲದಲ್ಲಿರುವ ಕೊಬ್ಬಿನ ಪಾಡು ಬೇರೆಯದಲ್ಲ. ಬಹುಕಾಲ ಬಳಕೆಯಲ್ಲಿದ್ದದ್ದು, ಈಗಲೂ ಎಷ್ಟೋ ಕಡೆ ಇರುವುದು, ಸೋಯಾ ಎಣ್ಣೆಯ ಬಿಳಿ ದ್ರವ. ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ 1960ರ ದಶಕದ ಆರಂಭದಲ್ಲಿ ಇದನ್ನು ರಕ್ತಕ್ಕೆ ಸುರಕ್ಷಿತವಾಗಿ ಕೊಡುವಂತೆ ರೂಪಿಸಿದರು. 1968ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು ಕರುಳೇ ಕೆಲಸ ಮಾಡದ ಒಂದು ಕೂಸನ್ನು ರಕ್ತನಾಳದ ಆಹಾರದಿಂದಲೇ ಬೆಳೆಸಿ ತೋರಿಸಿದರು. ಆ ಸಾಧನೆಯ ಫಲವನ್ನು ನನ್ನ ಮೊಮ್ಮಗಳೂ ಉಂಡಿದ್ದಾಳೆ; ಈ ಚಿಕಿತ್ಸೆ ಬೇಡವೆಂದು ಯಾರೂ ಈ ಪತ್ರವನ್ನು ಓದಿಕೊಳ್ಳಬಾರದು. ನಾನು ಹೇಳುವುದಿಷ್ಟೇ: ಸೋಯಾದಂಥ ಎಣ್ಣೆಗಳಲ್ಲಿ ದ್ವಿಬಂಧಗಳು ಹೆಚ್ಚು, ಹಾಗಾಗಿ ಅವು ಬೇಗ ಉತ್ಕರ್ಷಣಕ್ಕೆ ಒಳಗಾಗುತ್ತವೆ. ಬಾಯಿ ತೆರೆದಿಟ್ಟ ಎಣ್ಣೆ ಕಮಟು ವಾಸನೆ ಹಿಡಿಯುತ್ತದೆಂದು ನಮ್ಮ ಮನೆಗಳ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆ ಕಮಟಿಗೆ ಮೂಲವಾದ ಕೊಬ್ಬಿನ ಪೆರಾಕ್ಸೈಡ್‌ಗಳೇ ಬೆಳಕಿಗೆ ತೆರೆದ ಈ ದ್ರವದಲ್ಲೂ ಹುಟ್ಟುತ್ತವೆ. ಮೂಗಿಗೆ ಮಾತ್ರ ತಿಳಿಯುವುದಿಲ್ಲ.

ಇಷ್ಟಾದರೂ ವಯಸ್ಕರೊಬ್ಬರ ದೇಹ ಇದನ್ನು ಹೆಚ್ಚು ಕಷ್ಟವಿಲ್ಲದೆ ನಿಭಾಯಿಸಬಹುದು. ದಿನ ತುಂಬದ ಕೂಸಿಗೆ ಆ ಬಲವಿಲ್ಲ. ಗರ್ಭದಲ್ಲಿ ಭ್ರೂಣದ ರಕ್ತದಲ್ಲಿ ಆಮ್ಲಜನಕದ ಒತ್ತಡ ಸುಮಾರು 25ರಿಂದ 30 ಮಿಲಿಮೀಟರ್ ಪಾದರಸದಷ್ಟೇ ಇರುತ್ತದೆ. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಅದು ಎರಡು ಮೂರು ಪಟ್ಟಾಗುತ್ತದೆ. ಈ ಏರಿಕೆಯನ್ನು ತಾಳಿಕೊಳ್ಳಲು ಬೇಕಾದ ಕಿಣ್ವಗಳು ಹೆಚ್ಚುವುದು, ವಿಟಮಿನ್ ಇ ಮತ್ತು ಸೆಲೆನಿಯಂ ತಾಯಿಯಿಂದ ಮಗುವಿಗೆ ಬಂದು ತುಂಬಿಕೊಳ್ಳುವುದು ಬಸಿರಿನ ಕೊನೆಯ ತಿಂಗಳುಗಳಲ್ಲಿ. ಆ ತಿಂಗಳುಗಳನ್ನೇ ಕಾಣದೆ ಬಂದ ಮಗು ಬರಿಗೈಯಲ್ಲಿ ಬಂದಂತೆ. ಪೆರಾಕ್ಸೈಡನ್ನು ನಿರ್ವಿಷಗೊಳಿಸುವ ಮುಖ್ಯ ವಸ್ತು ಗ್ಲುಟಾಥಯೋನ್. ಅದನ್ನು ಕಟ್ಟಲು ಸಿಸ್ಟೀನ್ ಎಂಬ ಅಮೈನೋ ಆಮ್ಲ ಬೇಕು. ಸಿಸ್ಟೀನ್ ದ್ರವದಲ್ಲಿ ಸ್ಥಿರವಾಗಿ ಉಳಿಯುವುದಿಲ್ಲವಾದ್ದರಿಂದ ಪೋಷಣಾ ದ್ರವದಲ್ಲಿ ಅದರ ಬದಲಿಗೆ ಹೆಚ್ಚಾಗಿ ಮೆಥಿಯೊನೀನ್ ಇಟ್ಟಿರುತ್ತಾರೆ. ಯಕೃತ್ತು ಮೆಥಿಯೊನೀನನ್ನು ಸಿಸ್ಟೀನ್ ಆಗಿ ಮಾರ್ಪಡಿಸಿಕೊಳ್ಳಬೇಕು. ಈ ಮಾರ್ಪಾಟಿನ ಮೊದಲ ಮೆಟ್ಟಿಲಿನ ಕಿಣ್ವವನ್ನೇ ಪೆರಾಕ್ಸೈಡ್ ಕುಗ್ಗಿಸುತ್ತದೆ ಎಂಬುದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಗೆ ನುಗ್ಗಿದ ಕಳ್ಳ ಮೊದಲು ಕಾವಲಿನ ನಾಯಿಯ ಬಾಯಿ ಕಟ್ಟಿದಂತೆ.

ನಾರ್ವೆಯ ಓಲಾ ಡಿಡ್ರಿಕ್ ಸೌಗ್‌ಸ್ಟಾಡ್ 1988ರಲ್ಲಿ ದಿನ ತುಂಬದ ಮಕ್ಕಳ ಹಲವು ಕಾಯಿಲೆಗಳನ್ನು ಒಂದೇ ಎಳೆಯಲ್ಲಿ ಕಟ್ಟಿ ನೋಡಿದರು: ಶ್ವಾಸಕೋಶದ ದೀರ್ಘ ಕಾಯಿಲೆ, ಕಣ್ಣಿನ ರೆಟಿನಾದ ತೊಂದರೆ, ಕರುಳು ಕೊಳೆಯುವ ಕಾಯಿಲೆ, ಮೆದುಳಿನ ಬಿಳಿಭಾಗಕ್ಕೆ ಆಗುವ ಹಾನಿ. ಇವೆಲ್ಲದರ ಹಿಂದೆ ಆಮ್ಲಜನಕದಿಂದ ಹುಟ್ಟಿ ಜೀವಕೋಶಗಳನ್ನು ಕೆಡಿಸುವ ಚುರುಕು ಕಣಗಳಾದ ಮುಕ್ತ ರ‍್ಯಾಡಿಕಲ್‌ಗಳ ಕೈವಾಡವಿದೆ ಎಂಬುದು ಅವರ ವಾದ. ಯಾವ ಮಗುವಿನಲ್ಲಿ ಎಷ್ಟು ಪಾಲು ಆಮ್ಲಜನಕದ್ದು, ಎಷ್ಟು ಸೋಂಕಿನದು, ಎಷ್ಟು ಚೀಲದ್ದು ಎಂದು ಬೇರ್ಪಡಿಸಿ ಹೇಳಲಾಗದು. ನನ್ನ ಮೊಮ್ಮಗಳು 28 ದಿನವಾದರೂ ಆಮ್ಲಜನಕದ ಆಸರೆ ಬಿಡಲಿಲ್ಲ. ಈಗಲೂ ಚಳಿಗಾಲದಲ್ಲಿ ಉಬ್ಬಸ ಬರುತ್ತದೆ. ಅದಕ್ಕೆ ಆ ಚೀಲವೇ ಕಾರಣವೆಂದು ನಾನು ಹೇಳುತ್ತಿಲ್ಲ, ಹೇಳಲು ಆಧಾರವೂ ಇಲ್ಲ. ಅವಳನ್ನು ಉಳಿಸಿದವರ ಮೇಲೆ ದೂರು ಹೊರಿಸುವುದು ಕೃತಘ್ನತೆಯಾದೀತು.

ಅಂದು ನಾನು ಒಬ್ಬ ಸಿಸ್ಟರ್ ಅವರನ್ನು ಮೆಲ್ಲಗೆ ಕೇಳಿದೆ: “ಇದಕ್ಕೆ ಏನಾದರೂ ಮುಚ್ಚಬಹುದಲ್ಲವೇನಮ್ಮಾ?” ಅವರು ಸಿಡುಕಲಿಲ್ಲ. “ಪ್ರೊಟೊಕಾಲ್‌ನಲ್ಲಿ ಬರೆದಿದ್ದರೆ ಮುಚ್ಚುತ್ತಿದ್ದೆವು ಸಾರ್, ಬರೆಯದೆ ಇರುವುದನ್ನು ನಾವಾಗಿ ಮಾಡುವ ಹಾಗಿಲ್ಲ” ಎಂದರು. ಅದು ಸರಿಯಾದ ಉತ್ತರವೇ. ಬೆಳಕಿಗೆ ಕೆಡುವ ಕೆಲವು ಔಷಧಿಗಳ ಸೀಸೆಗೆ ಕಪ್ಪು ಕಾಗದ ಸುತ್ತುವ ಪದ್ಧತಿ ಆಸ್ಪತ್ರೆಗಳಿಗೆ ಹೊಸದಲ್ಲ. ಹಾಗೆ ಸುತ್ತಬೇಕಾದವುಗಳ ಪಟ್ಟಿಯಲ್ಲಿ ಈ ಹಳದಿ ಚೀಲದ ಹೆಸರಿರಲಿಲ್ಲ, ಅಷ್ಟೆ. ಆ ಒಂದು ಸಾಲು ಬರೆಯಬಲ್ಲವರು ತಾವು ಎಂಬ ಕಾರಣಕ್ಕೆ ಈ ಪತ್ರ ತಮ್ಮ ವಿಳಾಸಕ್ಕೆ ಬರುತ್ತಿದೆ.

ಹೊರಗಿನ ಲೋಕ ಏನು ಮಾಡಿದೆ ಎಂಬುದನ್ನೂ ತಮ್ಮ ಗಮನಕ್ಕೆ ತರುತ್ತೇನೆ. 2017ರಲ್ಲಿ ಶೆಸೆಕ್ಸ್ ಮತ್ತು ಜೊತೆಗಾರರು ನಾಲ್ಕು ಪ್ರಯೋಗಗಳ, ಸುಮಾರು 800 ಶಿಶುಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ದ್ರವವನ್ನು ಬೆಳಕಿನಿಂದ ಮುಚ್ಚಿ ಕೊಟ್ಟ ಗುಂಪಿನಲ್ಲಿ ಸಾವಿನ ಪ್ರಮಾಣ ಇನ್ನೊಂದು ಗುಂಪಿನದಕ್ಕಿಂತ ಸುಮಾರು ಅರ್ಧದಷ್ಟಿತ್ತು. 2018ರ ಯುರೋಪಿನ ಮಕ್ಕಳ ಪೋಷಣೆಯ ಮಾರ್ಗಸೂಚಿ ಬೆಳಕಿನ ರಕ್ಷಣೆಯ ಪರವಾಗಿ ನಿಂತಿತು. 2019ರಲ್ಲಿ ಯುರೋಪಿಯನ್ ಔಷಧ ಸಂಸ್ಥೆ, ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡುವ ಇಂಥ ದ್ರವಗಳ ಚೀಲವನ್ನೂ ಕೊಳವೆಯನ್ನೂ ಕೊನೆಯ ಹನಿಯವರೆಗೆ ಬೆಳಕಿನಿಂದ ಕಾಪಾಡಬೇಕೆಂದು ಸೂಚಿಸಿತು. ಅಮೆರಿಕದ ಪೋಷಣಾ ತಜ್ಞರ ಸಂಘವೂ ನಂತರ ಇದೇ ದಾರಿ ಹಿಡಿಯಿತು.

ಎದುರು ಸಾಕ್ಷ್ಯವನ್ನು ಮುಚ್ಚಿಟ್ಟು ವಾದಿಸುವುದು ನನ್ನ ವೃತ್ತಿಗೆ ಒಪ್ಪುವುದಿಲ್ಲ. ಫ್ರಾನ್ಸಿನಲ್ಲಿ ನಡೆದ ಒಂದು ದೊಡ್ಡ ಪ್ರಯೋಗದಲ್ಲಿ ಹೊದಿಕೆಯಿಂದ ಶ್ವಾಸಕೋಶದ ದೀರ್ಘ ಕಾಯಿಲೆ ಕಡಿಮೆಯಾದದ್ದು ಕಾಣಲಿಲ್ಲ. ಎಂಟುನೂರು ಮಕ್ಕಳ ಲೆಕ್ಕವೂ ಅಂಥ ದೊಡ್ಡದಲ್ಲ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂದು ನೋಡಬೇಕು. ಹೊಸ ಔಷಧಿಯಾಗಿದ್ದರೆ ಅಡ್ಡಪರಿಣಾಮದ ಭಯವಿರುತ್ತಿತ್ತು. ಇಲ್ಲಿರುವುದು ಒಂದು ಬಣ್ಣದ ಕೊಳವೆ, ಒಂದು ಹೊದಿಕೆ. ತೀವ್ರ ನಿಗಾ ಘಟಕದ ಒಂದು ದಿನದ ಬಿಲ್ಲಿನ ಮುಂದೆ ಅದರ ಖರ್ಚು ಲೆಕ್ಕಕ್ಕೇ ಬಾರದು. ಇನ್ನೂ ದೊಡ್ಡ ಪ್ರಯೋಗ ನಡೆಯಲಿ ಎಂದು ಕಾಯುವುದಾದರೆ, ಮುಚ್ಚಿಟ್ಟುಕೊಂಡೇ ಕಾಯಬಹುದು.

ಮುಚ್ಚುವುದರಲ್ಲೂ ಒಂದು ಕ್ರಮವಿದೆ. ಅರೆಬರೆ ಮುಚ್ಚಿದರೆ ಪ್ರಯೋಜನ ಕಡಿಮೆ. ಒಂದು ಕಿಲೋ ತೂಕದ ಮಗುವಿಗೆ ದಿನಕ್ಕೆ 120 ಮಿಲಿಲೀಟರ್ ದ್ರವ ಕೊಡುತ್ತಾರೆಂದು ಇಟ್ಟುಕೊಂಡರೆ, ಗಂಟೆಗೆ ಐದು ಮಿಲಿಲೀಟರ್, ಅಂದರೆ ಒಂದು ಚಹಾ ಚಮಚದಷ್ಟಾಯಿತು. ದೊಡ್ಡವರ ಡ್ರಿಪ್‌ನಂತೆ ಅದು ಹರಿದುಹೋಗುವುದಿಲ್ಲ, ತೆವಳುತ್ತದೆ. ಆ ತೆಳು ಕೊಳವೆಯಲ್ಲಿ ದ್ರವದ ಸುತ್ತಳತೆಗೆಲ್ಲ ಬೆಳಕು ತಾಗುತ್ತದೆ, ನೀಲಿ ದೀಪ ಇದ್ದರಂತೂ ಹೇಳಲೇಬೇಕಿಲ್ಲ. ಚೀಲಕ್ಕೆ ಬಟ್ಟೆ ಸುತ್ತಿ ಕೊಳವೆಯನ್ನು ಬತ್ತಲೆ ಬಿಟ್ಟರೆ, ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂತಾಗುತ್ತದೆ. ದ್ರವವನ್ನು ಬೆರೆಸುವ ಕೋಣೆಯಿಂದ ಹಿಡಿದು ಚೀಲ, ಸಿರಿಂಜು, ಕೊಳವೆ, ಸೂಜಿಯ ಬಾಯಿಯವರೆಗೆ ಸರಪಳಿ ಕಡಿಯಬಾರದು. ಇನ್ನು ಅಲ್ಯೂಮಿನಿಯಂ ಹಾಳೆ ಸುತ್ತುವುದರಲ್ಲಿ ಒಂದು ಅಪಾಯವಿದೆ: ದ್ರವದಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕೂಡಿ ಗಷ್ಟು ಕಟ್ಟಿದರೆ ಅದು ಪ್ರಾಣಕ್ಕೇ ಮಾರಕ, ಹಾಳೆಯ ಮರೆಯಲ್ಲಿ ಅದು ಸಿಸ್ಟರ್ ಕಣ್ಣಿಗೆ ಬೀಳುವುದಿಲ್ಲ. ಈ ಕಾರಣಕ್ಕೆ ಜೇನುಬಣ್ಣದ, ಒಳಗಿನದು ಕಾಣುವಂಥ ಚೀಲದ ಹೊದಿಕೆ ಮತ್ತು ಕೊಳವೆಗಳೇ ಮೇಲು. ಅವು ನೀಲಿಯನ್ನು ತಡೆದು ಉಳಿದ ಬೆಳಕನ್ನು ಬಿಡುತ್ತವೆ. ಔಷಧಿಯ ಕಂದು ಸೀಸೆಗಳ ಹಿಂದೆ ಇರುವುದೂ ಇದೇ ತಿಳಿವಳಿಕೆ.

ಉತ್ಕರ್ಷಣವೇ ತೊಂದರೆಯಾದರೆ ಅದನ್ನು ತಡೆಯುವ ವಿಟಮಿನ್‌ಗಳನ್ನೇ ಹೆಚ್ಚು ಸುರಿದರಾಯಿತಲ್ಲ ಎಂದು ಕೆಲವರು ಕೇಳಿಯಾರು. ಅಮೆರಿಕದಲ್ಲಿ 1983-84ರಲ್ಲಿ ಇ-ಫೆರಾಲ್ ಎಂಬ ರಕ್ತನಾಳದ ವಿಟಮಿನ್ ಇ ದ್ರವವನ್ನು ಇಂಥ ಆಸೆಯಿಂದಲೇ ದಿನ ತುಂಬದ ಮಕ್ಕಳಿಗೆ ಕೊಟ್ಟು, 38 ಮಕ್ಕಳು ತೀರಿಕೊಂಡ ಮೇಲೆ ಅದನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಂಡರು. ಹೊಸದಾಗಿ ಏನನ್ನೋ ಸೇರಿಸುವುದಕ್ಕಿಂತ, ಇರುವುದು ಕೆಡದಂತೆ ನೋಡಿಕೊಳ್ಳುವ ಕೆಲಸ ಸುಲಭ, ಸುರಕ್ಷಿತ.

ತಮ್ಮಿಂದ ನಾನು ಬಯಸುವುದನ್ನು ಇನ್ನು ನೇರವಾಗಿ ಬರೆಯುತ್ತೇನೆ. ಟಿಪಿಎನ್ ಕೊಡುವ ಪ್ರತಿ ಘಟಕದ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಲಿಖಿತ ನಿಯಮದಲ್ಲಿ ಬೆಳಕಿನ ರಕ್ಷಣೆ ಕಡ್ಡಾಯವೆಂಬ ಸಾಲು ಇರಬೇಕು ಮತ್ತು ಅದು ಕನ್ನಡದಲ್ಲಿ ಘಟಕದ ಗೋಡೆಯ ಮೇಲೂ ಇರಬೇಕು. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಟೆಂಡರ್ ಕರೆಯುವಾಗ ಪೋಷಣಾ ದ್ರವ ಬೇರೆ, ಕೊಳವೆ ಬೇರೆ ಎಂದು ಮಾಡದೆ, ಶಿಶುಗಳ ದ್ರವದ ಜೊತೆಗೇ ಜೇನುಬಣ್ಣದ ಕೊಳವೆ, ಸಿರಿಂಜು ಮತ್ತು ಹೊದಿಕೆಯನ್ನು ಒಂದೇ ಗಂಟಾಗಿ ಕೊಳ್ಳಬೇಕು. ಬೇರೆ ಬೇರೆ ಕೊಂಡರೆ ಒಂದು ಬಂದಾಗ ಇನ್ನೊಂದು ಇರುವುದಿಲ್ಲ ಎಂಬುದು ಪ್ರಯೋಗಾಲಯಕ್ಕೆ ಇಂಡೆಂಟ್ ಹಾಕಿ ಹಾಕಿ ನನಗೆ ಬಂದ ಅನುಭವ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನವಜಾತ ಶಿಶುಗಳ ತೀವ್ರ ನಿಗಾಕ್ಕೆ ಹಣ ಕೊಡುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಹಣ ಬಿಡುಗಡೆಯ ಷರತ್ತುಗಳಲ್ಲಿ ಇದನ್ನೂ ಸೇರಿಸಿದರೆ ಖಾಸಗಿ ಆಸ್ಪತ್ರೆಗಳಿಗೆ ಬೇರೆ ಆದೇಶವೇ ಬೇಕಾಗದು.

ಇದರ ಜೊತೆಗೆ ಇನ್ನೊಂದು ಮಾತು. ಚೀಲದ ಅಪಾಯವನ್ನು ತಗ್ಗಿಸುವ ಎಲ್ಲಕ್ಕಿಂತ ಒಳ್ಳೆಯ ಮಾರ್ಗ ಚೀಲದ ದಿನಗಳನ್ನೇ ತಗ್ಗಿಸುವುದು. ಮೊದಲ ದಿನದಿಂದಲೇ ಹನಿಹನಿ ತಾಯಿಹಾಲು ಹೊಟ್ಟೆಗೆ ಬಿದ್ದರೆ ಕರುಳು ಬೇಗ ಹಾದಿಗೆ ಬರುತ್ತದೆ. ನನ್ನ ಮಗಳು ಒಂದು ಆಸ್ಪತ್ರೆಯಲ್ಲಿ, ಕೂಸು ಇನ್ನೊಂದರಲ್ಲಿ; ಮೊದಲ ನಾಲ್ಕು ದಿನ ಹಾಲು ಹಿಂಡಿ ಕಳಿಸಲು ಯಾರೂ ದಾರಿ ತೋರಿಸಲಿಲ್ಲ. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ತಾಯಿಹಾಲಿನ ಬ್ಯಾಂಕ್ ಆರಂಭವಾಗಿದೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳ ತಾಯಂದಿರಿಗೂ ಅದು ಕೈಗೆಟುಕುವಂತಾಗಲಿ.

ಇಂಥ ಕೆಲಸ ನಮ್ಮ ರಾಜ್ಯಕ್ಕೆ ಅಸಾಧ್ಯವೇನಲ್ಲ. ದಿನ ತುಂಬದ ಮಕ್ಕಳ ಕಣ್ಣಿನ ಪರೀಕ್ಷೆಗೆಂದು 2008ರಲ್ಲಿ ಬೆಂಗಳೂರಿನಿಂದ ಆರಂಭವಾದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ, ತೆಗೆದ ಚಿತ್ರವನ್ನು ಅಂತರ್ಜಾಲದ ಮೂಲಕ ದೂರದ ಕಣ್ಣಿನ ತಜ್ಞರಿಗೆ ಕಳಿಸುವ ಏರ್ಪಾಡು ಮಾಡಿ ದೇಶಕ್ಕೇ ಮಾದರಿಯಾದರು. ಉತ್ಕರ್ಷಣದ ಏಟು ಬಿದ್ದ ಮೇಲೆ ಕಣ್ಣನ್ನು ಉಳಿಸಲು ಇಷ್ಟು ದೂರ ನಡೆಯುವ ನಾವು, ಏಟು ಬೀಳುವ ಮುಂಚೆ ಒಂದು ಹೊದಿಕೆ ಹಾಕಲಾರೆವೇ? 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಮಕ್ಕಳು ದಿನ ತುಂಬದೆ ಹುಟ್ಟಿದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ 30 ಲಕ್ಷ ನಮ್ಮ ದೇಶದವರು.

ನಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ಬೆಳೆಯುವವರು ಮೊಟ್ಟೆಯೊಡೆದ ಹುಳುವನ್ನು ನೇರವಾಗಿ ಮನೆಯ ತಟ್ಟೆಗೆ ಹಾಕಿಕೊಳ್ಳುವುದಿಲ್ಲ. ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಕಳಚುವ ಹಂತ, ಕಳೆಯುವವರೆಗೆ ಅದು ಎಳೆ ಹುಳು ಸಾಕುವ ಚಾಕಿ ಕೇಂದ್ರದಲ್ಲಿ 27-28 ಡಿಗ್ರಿ ಶಾಖದಲ್ಲಿ, ತೇವ ಆರದ ಗಾಳಿಯಲ್ಲಿ, ಎಳೆ ಸೊಪ್ಪು ತಿಂದು ಬೆಳೆಯಬೇಕು. ಚಾಕಿ ಕೆಟ್ಟರೆ ಆಮೇಲೆ ಎಂಥ ಸೊಪ್ಪು ಹಾಕಿದರೂ ಗೂಡು ಗಟ್ಟಿಯಾಗುವುದಿಲ್ಲವೆಂದು ಓದು ಬಾರದವರೂ ಬಲ್ಲರು. ಈ ಪತ್ರದ ಕರಡನ್ನು ನನ್ನ ನೆರೆಯವರೊಬ್ಬರಿಗೆ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಮೇಷ್ಟ್ರೇ, ಹುಳಕ್ಕೆ ಇರೋ ಪರದೆ ಕೂಸಿಗೆ ಇಲ್ವಾ?”

ಕಳೆದ ಸೋಮವಾರ ನಮ್ಮ ಮನೆಯ ತಾರಸಿಯ ಮೇಲೆ ಎರಡು ಗಾಜಿನ ಸೀಸೆ ಇಟ್ಟಿದ್ದೆ. ಎರಡರಲ್ಲೂ ಒಂದೇ ಅಳತೆಯ ನೀರು, ಒಂದೇ ಅಳತೆಯ ರೈಬೋಫ್ಲೇವಿನ್. ಒಂದಕ್ಕೆ ಮಾತ್ರ ಕಪ್ಪು ಕಾಗದ ಸುತ್ತಿದ್ದೆ. ಸಂಜೆ ಬಿಚ್ಚಿ ನೋಡಿದಾಗ ಕಾಗದದೊಳಗಿನದು ಬೆಳಗ್ಗೆ ಇದ್ದ ಹಳದಿಯಲ್ಲೇ ಇತ್ತು, ಇನ್ನೊಂದು ಬಹುಪಾಲು ಬಣ್ಣ ಕಳೆದುಕೊಂಡಿತ್ತು. ಇದು ಪ್ರಥಮ ಪಿಯುಸಿ ಮಕ್ಕಳೂ ಮಾಡಬಹುದಾದ ಪ್ರಯೋಗ. ತಾವು ಸಮಯ ಕೊಟ್ಟರೆ ಎರಡು ಸೀಸೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಬೆಂಗಳೂರಿಗೆ ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ,
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ.